ಮಾಯದ ಹುಣ್ಣು

ಚರಿತ್ರೆ, ಅರ್ಥಶಾಸ್ತ್ರ, ಕನ್ನಡಗಳನ್ನು ಓದುವ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬ ವೈದ್ಯಶಾಸ್ತ್ರದ ವಿಷಯವೆತ್ತಿ ಲೇಖನ ಬರೆಯಹೊರಟರೆ, ‘ಇವನಿಗೇಕೆ ಈ ಉಸಾಬರಿ’ ಎಂದು ಮಿತ್ರರು ನಗಬಹುದು. ಪೂಜ್ಯ ಗುರುಗಳು ತಪ್ಪುಗಳನ್ನು ಎಣಿಸಬಹುದು. ನಾನು ವೈದ್ಯನಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಸ್ಪತ್ರೆಯ ಬೆಂಚುಗಳ ಮೇಲೆ ಕುಳಿತು ಕೇಳಿದ್ದು, ವೈದ್ಯರನ್ನು ಕಾಡಿ ತಿಳಿದದ್ದು, ಆಮೇಲೆ ಪುಸ್ತಕಗಳನ್ನು ಹುಡುಕಿ ಓದಿದ್ದು, ಇಷ್ಟೇ ನನ್ನ ಬಂಡವಾಳ. ಈ ವಿಷಯ ನನಗೆ ಗಂಟುಬಿದ್ದುದು ನಮ್ಮ ಅಜ್ಜಿಯ ಕಾಲಿನ ಮೂಲಕ. ಆದುದರಿಂದ ಅಲ್ಲಿಂದಲೇ ಪ್ರಾರಂಭಿಸುತ್ತೇನೆ.

ನಮ್ಮೂರು ಗುಬ್ಬಿ ತಾಲ್ಲೂಕಿಗೆ ಸೇರಿದ್ದು. ತಂದೆಗೆ ಕೆಲವು ತೆಂಗಿನ ಮರಗಳಿವೆ. ಉಳಿದ ದಿನಗಳಲ್ಲಿ ಪರರ ತೋಟದಲ್ಲಿ ಕೂಲಿ. ನಮ್ಮ ಮನೆತನದಲ್ಲಿ ಹೈಸ್ಕೂಲನ್ನು ದಾಟಿ ತುಮಕೂರಿಗೆ ಬಂದು ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ತಾಯಿಯ ತವರು ಕುಣಿಗಲ್ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿ ಹಿಂದೆ ನಮ್ಮ ತಾತನಿಗೆ ಕಬ್ಬಿನ ಗದ್ದೆಯಿತ್ತು. ಅಜ್ಜಿ ಮದುವೆಯಾಗಿ ಬಂದ ಹೊಸದರಲ್ಲಿ, ಆಲೆಮನೆಯಲ್ಲಿ ಕುದಿಯುತ್ತಿದ್ದ ಕಬ್ಬಿನ ಹಾಲು ಆಕೆಯ ಬಲಗಾಲಿನ ಮೀನಖಂಡದ ಮೇಲೆ ಚೆಲ್ಲಿತಂತೆ. ಮೂರು ತಿಂಗಳು ಮಲಗಿದ್ದು ಎದ್ದಳು. ಗಾಯ ಮಾಯಿತು, ಕಲೆ ಉಳಿಯಿತು. ನಾವು ಮೊಮ್ಮಕ್ಕಳು ಬೇಸಗೆ ರಜಕ್ಕೆ ಹೋದಾಗ, ರೋಮವಿಲ್ಲದೆ ನುಣ್ಣಗೆ ಹೊಳೆಯುತ್ತಿದ್ದ ಆ ಜಾಗವನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದೆವು.

ನಾನು ಪಿ.ಯು.ಸಿ. ಎರಡನೆಯ ವರ್ಷದಲ್ಲಿದ್ದಾಗ ಆ ಕಲೆಯ ನಡುವೆ ಒಂದು ಸಣ್ಣ ಬಿರುಕು ಬಿಟ್ಟಿತು. ಕಡಲೆಕಾಯಿ ಬೀಜದಷ್ಟಿದ್ದ ಹುಣ್ಣು. ಅಜ್ಜಿ ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿದಳು. ಹಕ್ಕಳೆಗಟ್ಟಿತು, ಉದುರಿತು, ಮತ್ತೆ ಒಸರಿತು. ಸೋದರಮಾವ ಔಷಧದ ಅಂಗಡಿಯಿಂದ ಒಂದು ಮುಲಾಮು ತಂದ. ಅದು ಮುಗಿದಾಗ ಇನ್ನೊಂದು. ‘ಸಕ್ಕರೆ ಕಾಯಿಲೆಯ ಹುಣ್ಣು’ ಎಂದು ಯಾರೋ ಹೇಳಿದರು; ಪರೀಕ್ಷಿಸಿದರೆ ಸಕ್ಕರೆ ಇರಲಿಲ್ಲ. ‘ಸರ್ಪಹುಣ್ಣು’ ಎಂದರು ಮತ್ತೊಬ್ಬರು, ಹರಕೆಯೂ ಆಯಿತು. ಹೀಗೆ ಎರಡು ದೀಪಾವಳಿಗಳು ಕಳೆದವು. ನಾನು ಹೋದಾಗಲೆಲ್ಲ, “ಆಸ್ಪತ್ರೆಗೆ ಹೋಗಾಣ ಬಾ ಅಜ್ಜಿ” ಎನ್ನುವುದು, ಅವಳು, “ನೋವೇ ಇಲ್ಲ ಕಣ್ ಮಗ, ನೋವಿಲ್ದಿದ್ ಮ್ಯಾಲೆ ಡಾಕ್ಟ್ರು ಯಾಕೆ?” ಎನ್ನುವುದು. ಆ ಮಾತು ನನಗೂ ಸರಿಯೆಂದೇ ತೋರುತ್ತಿತ್ತು. ನಾನು ಸುಮ್ಮನಾಗುತ್ತಿದ್ದೆ. ಓದಿದವನು ಎಂದು ಮನೆಮಂದಿಯೆಲ್ಲ ನನ್ನ ಮಾತಿಗೆ ಕಾದಿದ್ದರು. ಓದಿದವನಿಗೇ ವಿಷಯ ತಿಳಿದಿರಲಿಲ್ಲ.

ಕೊನೆಗೆ ಹುಣ್ಣು ಅಂಗೈಯಗಲವಾಗಿ, ವಾಸನೆ ತಾಳಲಾರದೆ, ಮಾವ ಅವಳನ್ನು ತುಮಕೂರಿಗೆ ಕರೆತಂದ. ಜಿಲ್ಲಾ ಆಸ್ಪತ್ರೆಯಲ್ಲಿ ವೈದ್ಯರು ಎರಡೇ ಪ್ರಶ್ನೆ ಕೇಳಿದರು: “ಎಷ್ಟು ದಿನದಿಂದ ಇದೆ? ಇದು ಹಳೆಯ ಸುಟ್ಟ ಕಲೆಯೇ?” ಉತ್ತರ ಕೇಳಿದೊಡನೆ ಅವರ ಮುಖ ಗಂಭೀರವಾಯಿತು. ಹುಣ್ಣಿನ ಅಂಚಿನಿಂದ ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳುಹಿಸಿದರು. ಬಂದ ಉತ್ತರ ಕ್ಯಾನ್ಸರ್. ನಮ್ಮ ಹಿರಿಯ ಲೇಖಕರು ಏಡಿಗಂತಿ ಎಂದೂ ಅರ್ಬುದವೆಂದೂ ಕರೆದ ರೋಗ, ಚರ್ಮದಲ್ಲಿ.

ಚರ್ಮಕ್ಕೂ ಈ ರೋಗ ಬರುತ್ತದೆಂಬುದೇ ನಮಗೆ ಹೊಸ ಸಂಗತಿ. ಬಾಯಿಯ ಕ್ಯಾನ್ಸರನ್ನು ಎಲೆ ಅಡಿಕೆ ಹೊಗೆಸೊಪ್ಪಿನ ನಮ್ಮ ಸೀಮೆ ಚೆನ್ನಾಗಿ ಬಲ್ಲದು. ಚರ್ಮದ್ದು ಹೇಗೆ? ಸ್ವಲ್ಪ ವಿವರಿಸುತ್ತೇನೆ.

ನಮ್ಮ ಚರ್ಮದ ಹೊರಪದರವು ಒಂದು ಬಗೆಯ ಇಟ್ಟಿಗೆಯ ಗೋಡೆ. ಅದರ ತಳದಲ್ಲಿರುವ ಜೀವಕೋಶಗಳು ಸದಾ ಇಬ್ಭಾಗವಾಗುತ್ತ ಹೊಸ ಕೋಶಗಳನ್ನು ಹುಟ್ಟಿಸುತ್ತವೆ. ಹೊಸವು ಮೇಲೇರುತ್ತ ಚಪ್ಪಟೆಯಾಗಿ, ಸುಮಾರು ಒಂದು ತಿಂಗಳಿನಲ್ಲಿ ಹೊರಮೈಗೆ ಬಂದು, ಸತ್ತು, ಹೊಟ್ಟಿನಂತೆ ಉದುರಿಹೋಗುತ್ತವೆ. ತಳಪದರದ ನಡುನಡುವೆ ಬಣ್ಣ ತಯಾರಿಸುವ ಕೋಶಗಳೂ ಇವೆ. ನಮ್ಮ ಮೈಯ ಕಪ್ಪು ಅವುಗಳ ಕೊಡುಗೆ. ಗಾಯವಾದಾಗ ಕೋಶಗಳು ಬೇಗಬೇಗನೆ ಬೆಳೆದು, ಬಿರುಕು ಮುಚ್ಚಿದೊಡನೆ ನಿಲ್ಲುತ್ತವೆ. ಈ ‘ನಿಲ್ಲುವ’ ಬುದ್ಧಿಯನ್ನು ಒಂದು ಕೋಶ ಕಳೆದುಕೊಂಡಿತೆಂದರೆ, ಅದರ ಸಂತತಿಯೆಲ್ಲ ಲಂಗುಲಗಾಮಿಲ್ಲದೆ ಬೆಳೆಯುತ್ತ ಪಕ್ಕದವನ್ನು ತಿನ್ನುತ್ತದೆ. ಇದೇ ಕ್ಯಾನ್ಸರ್.

ಯಾವ ಕೋಶ ಕೆಟ್ಟಿತೆಂಬುದರ ಮೇಲೆ ಇದರಲ್ಲಿ ಮೂರು ಮುಖ್ಯ ಬಗೆಗಳು. ಮೊದಲನೆಯದು ತಳಕೋಶದ ಕ್ಯಾನ್ಸರ್. ಮೂಗು, ಕಣ್ಣಂಚು, ಕೆನ್ನೆಗಳ ಮೇಲೆ ಮುತ್ತಿನಂತೆ ಹೊಳೆಯುವ ಸಣ್ಣ ಗುಳ್ಳೆಯಾಗಿ ಹುಟ್ಟುತ್ತದೆ. ನಮ್ಮ ಮೈಬಣ್ಣದವರಲ್ಲಿ ಅನೇಕವೇಳೆ ಕಪ್ಪಗೇ ಇರುತ್ತದೆ. ನಡುವೆ ಹುಣ್ಣಾಗಿ ಇಲಿ ಕಡಿದಂತೆ ಮೆಲ್ಲಮೆಲ್ಲನೆ ತಿನ್ನುತ್ತದೆ. ಡಬ್ಲಿನ್ ನಗರದ ಆರ್ಥರ್ ಜೇಕಬ್ ಎಂಬ ವೈದ್ಯರು ೧೮೨೭ರಲ್ಲಿ ಇದನ್ನು ವರ್ಣಿಸಿದರು. ಇದು ದೂರದ ಅಂಗಗಳಿಗೆ ಹರಡುವುದು ತೀರ ಅಪರೂಪ; ಆದರೆ ಬಿಟ್ಟರೆ ಮೂಗನ್ನೂ ಕಣ್ಣನ್ನೂ ಉಳಿಸದು. ಎರಡನೆಯದು ಮೇಲಿನ ಚಪ್ಪಟೆ ಕೋಶಗಳದು. ಗಟ್ಟಿಯಾದ ಗಂಟು, ನರುಲಿಯಂಥ ಬೆಳವಣಿಗೆ, ಅಂಚು ದಪ್ಪಗೆ ಎದ್ದ ಹುಣ್ಣು, ಇವು ಅದರ ರೂಪಗಳು. ಇದು ದುಗ್ಧಗ್ರಂಥಿಗಳಿಗೆ ಹರಡಬಲ್ಲದು. ನಮ್ಮ ಅಜ್ಜಿಯದು ಈ ಜಾತಿ. ಮೂರನೆಯದು ಬಣ್ಣದ ಕೋಶಗಳಿಂದ ಹುಟ್ಟುವ ಮೆಲನೋಮ. ಮೂರರಲ್ಲಿ ಇದೇ ಅತಿ ಕ್ರೂರಿ; ಚಿಕ್ಕದಿದ್ದಾಗಲೇ ರಕ್ತದ ಮೂಲಕ ಶ್ವಾಸಕೋಶ, ಪಿತ್ತಕೋಶ, ಮೆದುಳುಗಳಿಗೆ ಹಾರಬಲ್ಲದು.

ಬಿಳಿಯ ಮೈಯವರಲ್ಲಿ ಈ ರೋಗಗಳಿಗೆ ಮುಖ್ಯ ಕಾರಣ ಬಿಸಿಲಿನ ಅತಿನೇರಳೆ ಕಿರಣ. ಆದ್ದರಿಂದಲೇ ಆಸ್ಟ್ರೇಲಿಯದಲ್ಲಿ ಇವು ಅತಿ ಹೆಚ್ಚು. ನಮ್ಮ ಮೈಯ ಕಪ್ಪು ನಮಗೊಂದು ಕೊಡೆ. ಹೀಗಾಗಿ ನಮ್ಮ ದೇಶದಲ್ಲಿ ಚರ್ಮದ ಕ್ಯಾನ್ಸರ್ ಕಡಿಮೆ. ಆದರೆ ‘ಕಡಿಮೆ’ ಎಂಬ ಈ ಮಾತೇ ನಮ್ಮನ್ನು ಮೋಸಗೊಳಿಸುವುದು. ನಮ್ಮಲ್ಲಿ ಅದು ಅನೇಕವೇಳೆ ಬಿಸಿಲು ಬೀಳದ ಜಾಗಗಳನ್ನೂ, ನಾವು ಗಮನಿಸದ ಜಾಗಗಳನ್ನೂ ಹುಡುಕಿಕೊಂಡು ಬರುತ್ತದೆ.

ಬಹುಕಾಲ ಒಂದೇ ಜಾಗಕ್ಕೆ ಆಗುವ ಪೆಟ್ಟು, ಶಾಖ, ಉಜ್ಜುವಿಕೆ, ಇವು ಕಾರಣಗಳೆಂಬುದಕ್ಕೆ ಭಾರತವೇ ಜಗತ್ತಿಗೆ ನಿದರ್ಶನಗಳನ್ನು ಒದಗಿಸಿದೆ. ಕಾಶ್ಮೀರದ ಜನ ಚಳಿಗಾಲದಲ್ಲಿ ಕಾಂಗ್ಡಿ ಎಂಬ ಕೆಂಡದ ಕುಡಿಕೆಯನ್ನು ನಿಲುವಂಗಿಯ ಒಳಗೆ ಹೊಟ್ಟೆಗೆ, ತೊಡೆಗೆ ಒತ್ತಿ ಹಿಡಿಯುತ್ತಾರೆ. ಆ ಜಾಗದಲ್ಲೇ ಹುಟ್ಟುವ ಕ್ಯಾನ್ಸರನ್ನು ಎಲ್ಮ್‌ಸ್ಲೀ ಎಂಬ ವೈದ್ಯರು ೧೮೬೬ರಲ್ಲೇ ವರದಿ ಮಾಡಿದ್ದರು. ಸೊಂಟಕ್ಕೆ ಪಂಚೆಯನ್ನು ಬಿಗಿದು ಕಟ್ಟುವ ಗೆರೆಯಲ್ಲಿ ಬರುವ ಕ್ಯಾನ್ಸರನ್ನು ಮುಂಬಯಿಯ ಡಾ. ಖಾನೋಲ್ಕರ್ ಮತ್ತು ಅವರ ಸಹೋದ್ಯೋಗಿ ೧೯೪೫ರಲ್ಲಿ ವರ್ಣಿಸಿದರು. ಸೀರೆಯ ಒಳಲಂಗದ ಲಾಡಿ ಒತ್ತುವ ಜಾಗದಲ್ಲೂ ಇಂಥದೇ ರೋಗವನ್ನು ಆಮೇಲೆ ವೈದ್ಯರು ಕಂಡಿದ್ದಾರೆ. ಪಂಚೆ ಸೀರೆಗಳನ್ನು ಬಿಡಿರೆಂದು ಇದರ ಅರ್ಥವಲ್ಲ. ಅವುಗಳಿಂದ ರೋಗ ಬರುವುದು ವಿರಳ. ಅಲ್ಲಿ ತುರಿಕೆ, ಬಿರುಕು, ಹುಣ್ಣು ವರ್ಷಗಟ್ಟಲೆ ಇದ್ದರೆ ಅಲಕ್ಷಿಸಬಾರದೆಂಬುದಷ್ಟೇ ಪಾಠ.

ಹಳೆಯ ಕಲೆಯ ಮೇಲೆ ಏಳುವ ಹುಣ್ಣಿಗೆ ಮಾರ್ಜೋಲಿನ್ ಹುಣ್ಣು ಎಂಬ ಹೆಸರಿದೆ. ೧೮೨೮ರಲ್ಲಿ ಇಂಥ ಹುಣ್ಣುಗಳನ್ನು ವರ್ಣಿಸಿದ ಫ್ರೆಂಚ್ ಶಸ್ತ್ರವೈದ್ಯನ ಹೆಸರು ಅದು. ಸುಟ್ಟಗಾಯದ ಕಲೆ, ಮೂಳೆ ಕೊಳೆತು ಕೀವು ಹರಿಯುವ ರಂಧ್ರ, ಕುಷ್ಠದಿಂದ ಸ್ಪರ್ಶ ಕಳೆದುಕೊಂಡ ಪಾದದ ಹಳೆಯ ವ್ರಣ, ಇವೆಲ್ಲ ಅದರ ನೆಲೆಗಳು. ಸುಟ್ಟ ದಿನದಿಂದ ಕ್ಯಾನ್ಸರ್ ಹುಟ್ಟುವವರೆಗೆ ಸಾಮಾನ್ಯವಾಗಿ ಮೂವತ್ತು ವರ್ಷಗಳಷ್ಟು ಕಾಲ ಹಿಡಿಯುತ್ತದೆ. ಕಲೆಯ ಜಾಗದಲ್ಲಿ ನರಗಳು ಸತ್ತಿರುವುದರಿಂದ ನೋವು ಮೊದಲಿಗೆ ತಿಳಿಯುವುದಿಲ್ಲ. ‘ನೋವಿಲ್ಲ’ ಎಂದು ಅಜ್ಜಿ ಧೈರ್ಯವಾಗಿದ್ದಳಲ್ಲ, ಅದೇ ರೋಗಕ್ಕೆ ಅನುಕೂಲವಾಗಿತ್ತು.

ಇನ್ನು ಮೆಲನೋಮ. ಬಿಳಿಯರಲ್ಲಿ ಅದು ಬೆನ್ನು, ಕಾಲುಗಳ ಮೇಲೆ ಬರುವುದು ಹೆಚ್ಚು. ನಮ್ಮಂಥ ಕಪ್ಪು ಮೈಯವರಲ್ಲಿ ಮುಖ್ಯವಾಗಿ ಅಂಗಾಲು, ಅಂಗೈ, ಉಗುರಿನ ಬುಡ. ಜಮೈಕದ ಸುಪ್ರಸಿದ್ಧ ಗಾಯಕ ಬಾಬ್ ಮಾರ್ಲಿಯ ಕಾಲ್ಬೆರಳಿನ ಉಗುರಿನ ಕೆಳಗೆ ೧೯೭೭ರಲ್ಲಿ ಇದು ಪತ್ತೆಯಾಯಿತು. ಬೆರಳನ್ನು ತೆಗೆಯಬೇಕೆಂಬ ಸಲಹೆಯನ್ನು ಆತ ಒಪ್ಪಲಿಲ್ಲ. ೧೯೮೧ರಲ್ಲಿ, ೩೬ನೆಯ ವಯಸ್ಸಿನಲ್ಲಿ ತೀರಿಕೊಂಡ. ನಮ್ಮ ತೋಟ ಗದ್ದೆಗಳಲ್ಲಿ ಬರಿಗಾಲಿನಲ್ಲಿ ದುಡಿಯುವವರ ಅಂಗಾಲಿನ ಕಪ್ಪು ಮಚ್ಚೆಯನ್ನು ಯಾರು ತಿರುಗಿಸಿ ನೋಡುತ್ತಾರೆ? ಕಂಡರೂ ಆಣಿ ಎಂದೋ, ಮುರಿದ ಮುಳ್ಳೆಂದೋ, ಕಲ್ಲೊತ್ತಿ ಹೆಪ್ಪುಗಟ್ಟಿದ ರಕ್ತವೆಂದೋ ತಳ್ಳಿಹಾಕುತ್ತಾರೆ.

ಹಾಗಾದರೆ ಗುರುತಿಸುವುದು ಹೇಗೆ? ಮೈಮೇಲಿನ ಮಚ್ಚೆಗಳೆಲ್ಲ ಭಯಕ್ಕೆ ಕಾರಣವಲ್ಲ. ನೂರಾರು ಮಚ್ಚೆಗಳು ಹುಟ್ಟಿನಿಂದ ಸಾವಿನವರೆಗೆ ನಿರಪಾಯವಾಗಿರುತ್ತವೆ. ವೈದ್ಯರು ಐದು ಅಂಶಗಳನ್ನು ನೋಡುತ್ತಾರೆ. ಇವುಗಳಲ್ಲಿ ಮೊದಲ ನಾಲ್ಕನ್ನು ೧೯೮೫ರಲ್ಲಿ ನ್ಯೂಯಾರ್ಕಿನ ವೈದ್ಯರು ಸೂತ್ರವಾಗಿ ಹೇಳಿದರು. ಮಚ್ಚೆಯ ನಡುವೆ ಗೆರೆ ಎಳೆದಂತೆ ಭಾವಿಸಿದರೆ ಎರಡು ಅರ್ಧಗಳೂ ಒಂದೇ ತೆರನಾಗಿಲ್ಲದಿರುವುದು. ಅಂಚು ಹರಿದ ಬಟ್ಟೆಯಂತಿರುವುದು. ಒಂದೇ ಮಚ್ಚೆಯಲ್ಲಿ ಕಪ್ಪು, ಕಂದು, ನೀಲಿ ಬಣ್ಣಗಳು ಬೆರೆತಿರುವುದು. ಅಗಲ ಆರು ಮಿಲಿಮೀಟರಿಗಿಂತ ಹೆಚ್ಚಿರುವುದು. ಐದನೆಯದಾಗಿ, ಎಲ್ಲಕ್ಕಿಂತ ಮುಖ್ಯವಾಗಿ, ಅದು ಬದಲಾಗುತ್ತಿರುವುದು. ಉಗುರಿನಲ್ಲಿ ಒಂದು ಕಪ್ಪು ಪಟ್ಟೆ ಅಗಲವಾಗುತ್ತ ಬಂದು, ಕಪ್ಪು ಉಗುರನ್ನು ದಾಟಿ ಪಕ್ಕದ ಚರ್ಮಕ್ಕೂ ಇಳಿದಿದ್ದರೆ ತಡಮಾಡಬಾರದು. ಹುಣ್ಣಿನ ವಿಷಯದಲ್ಲಿ ನಿಯಮ ಇನ್ನೂ ಸುಲಭ: ಒಂದು ತಿಂಗಳಾದರೂ ಮಾಯದ ಹುಣ್ಣು, ಮಾಯಿತೆಂದುಕೊಂಡಾಗ ಮತ್ತೆ ಒಡೆಯುವ ಹುಣ್ಣು, ಮುಟ್ಟಿದರೆ ರಕ್ತ ಒಸರುವ ಹುಣ್ಣು, ಅಂಚು ದಪ್ಪಗಟ್ಟಿ ಮೇಲೆದ್ದ ಹುಣ್ಣು, ಇವನ್ನು ವೈದ್ಯರಿಗೆ ತೋರಿಸಲೇಬೇಕು. ಹಳೆಯ ಕಲೆಯ ಮೇಲಿನದಾದರೆ ತಿಂಗಳು ಕಾಯುವುದೂ ಬೇಡ.

ಹೊರಗಣ್ಣಿಗೆ ಸಂಶಯ ಮಾತ್ರ ಬಂದೀತು. ನಿರ್ಧಾರವಾಗುವುದು ಸೂಕ್ಷ್ಮದರ್ಶಕದ ಕೆಳಗೆ. ಅದಕ್ಕಾಗಿ ಮರಗಟ್ಟಿಸುವ ಸೂಜಿಮದ್ದು ಕೊಟ್ಟು ಚೂರು ಮಾಂಸ ತೆಗೆಯುವುದನ್ನು ಬಯಾಪ್ಸಿ ಎನ್ನುತ್ತಾರೆ. ನಮ್ಮ ಹಳ್ಳಿಗಳಲ್ಲಿ ಇದರ ಬಗ್ಗೆ ಒಂದು ದೊಡ್ಡ ಭಯವಿದೆ. “ಕತ್ತಿ ತಾಕ್ಸುದ್ರೆ ಮೈಯೆಲ್ಲಾ ಹಬ್ತದೆ” ಎಂದು ನಮ್ಮ ಬಂಧುಗಳೇ ಅಡ್ಡ ಬಂದರು. ವೈದ್ಯರು ಕೊಟ್ಟ ಉತ್ತರವನ್ನು ಇಲ್ಲಿ ದಾಖಲಿಸುತ್ತೇನೆ: ಕತ್ತಿ ತಾಗಿದ್ದರಿಂದ ಹಬ್ಬುವುದಿಲ್ಲ, ಆಗಲೇ ಹಬ್ಬಿದ ಮೇಲೆ ಕತ್ತಿಯ ಬಳಿಗೆ ಬರುವುದರಿಂದ ಜನರಿಗೆ ಹಾಗೆ ತೋರುತ್ತದೆ. ನಿಜವಾಗಿ ಹೆದರಬೇಕಾದದ್ದು ಮಚ್ಚೆ, ನರುಲಿಗಳಿಗೆ ಸುಣ್ಣ ಸೋಡ ಹಚ್ಚಿ ಸುಡುವ ಪದ್ಧತಿಗೆ. ಮೇಲೆ ಸುಟ್ಟು ಕಾಣದಂತಾಗುತ್ತದೆ. ಬೇರು ಕೆಳಗೆ ಬೆಳೆಯುತ್ತಲೇ ಇರುತ್ತದೆ.

ಚಿಕಿತ್ಸೆಗೆ ಇಂದು ವಿಕಿರಣವಿದೆ, ಹಚ್ಚುವ ಮದ್ದುಗಳಿವೆ, ದೇಹದ ರೋಗನಿರೋಧ ಶಕ್ತಿಯನ್ನು ಕೆರಳಿಸುವ ಹೊಸ ಔಷಧಗಳೂ ಬಂದಿವೆ. ಆದರೂ ಚರ್ಮದ ಕ್ಯಾನ್ಸರಿಗೆ ಮೊದಲ ಆಯುಧ ಶಸ್ತ್ರವೇ. ಅದರ ತತ್ವ ಸರಳವಾದದ್ದು: ಕಾಣುವ ರೋಗವನ್ನಷ್ಟೇ ಅಲ್ಲದೆ, ಸುತ್ತಲೂ ತಳದಲ್ಲಿಯೂ ಆರೋಗ್ಯವಂತ ಚರ್ಮದ ಒಂದು ಅಂಚನ್ನು ಸೇರಿಸಿ ತೆಗೆಯುವುದು. ಮರದ ಗೆದ್ದಲು ತಿಂದ ಭಾಗವನ್ನು ಬಡಗಿ ಹಸಿಮರ ಕಾಣುವವರೆಗೆ ಕೊರೆಯುವುದಿಲ್ಲವೇ, ಹಾಗೆ. ಚಿಕ್ಕ ತಳಕೋಶದ ಗುಳ್ಳೆಗೆ ನಾಲ್ಕು ಮಿಲಿಮೀಟರ್ ಅಂಚು ಸಾಕು. ಚಪ್ಪಟೆ ಕೋಶದ್ದಾದರೆ ನಾಲ್ಕರಿಂದ ಆರು. ಕಲೆಯ ಮೇಲಿನ ಹುಣ್ಣಿಗೆ ಸುಮಾರು ಎರಡು ಸೆಂಟಿಮೀಟರ್. ಮೆಲನೋಮದಲ್ಲಿ ಅಗಲಕ್ಕಿಂತ ಆಳ ಮುಖ್ಯವೆಂದು ಅಮೆರಿಕದ ಅಲೆಗ್ಸಾಂಡರ್ ಬ್ರೆಸ್ಲೋ ೧೯೭೦ರಲ್ಲಿ ತೋರಿಸಿದರು. ಒಂದು ಮಿಲಿಮೀಟರ್ ಆಳದೊಳಗಿದ್ದರೆ ಒಂದು ಸೆಂಟಿಮೀಟರ್ ಅಂಚು, ಎರಡನ್ನು ಮೀರಿದ್ದರೆ ಎರಡು ಸೆಂಟಿಮೀಟರ್. ತೆಗೆದ ತುಂಡಿನ ಅಂಚುಗಳನ್ನು ಮತ್ತೆ ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ. ಮುಖದಂಥ ಜಾಗದಲ್ಲಿ ಒಂದಿಂಚೂ ವ್ಯರ್ಥವಾಗಬಾರದೆಂದು, ಪದರ ಪದರವಾಗಿ ತೆಗೆದು ಪ್ರತಿಪದರವನ್ನೂ ಪರೀಕ್ಷಿಸುತ್ತ ಹೋಗುವ ಕ್ರಮವನ್ನು ವಿಸ್ಕಾನ್ಸಿನ್ನಿನ ಫ್ರೆಡರಿಕ್ ಮೋಸ್ ೧೯೩೦ರ ದಶಕದಲ್ಲಿ ರೂಢಿಗೆ ತಂದರು.

ತೆಗೆದ ಜಾಗವನ್ನು ಮುಚ್ಚುವುದೂ ಒಂದು ಕಲೆ. ಚಿಕ್ಕದಾದರೆ ಹೊಲಿಗೆ ಹಾಕುತ್ತಾರೆ. ದೊಡ್ಡದಾದರೆ ತೊಡೆಯಿಂದ ಕಾಗದದಷ್ಟು ತೆಳುವಾದ ಚರ್ಮವನ್ನು ತೆಗೆದು ಕಸಿ ಮಾಡುತ್ತಾರೆ. ತೊಡೆಯ ಗಾಯ ಎರಡು ಮೂರು ವಾರಗಳಲ್ಲಿ ತಾನಾಗಿ ಮಾಯುತ್ತದೆ. ಮೂಗು ಹೋದರೆ ಹಣೆಯ ಚರ್ಮವನ್ನು ಬುಡ ಬಿಡಿಸದೆ ತಿರುಗಿಸಿ ಹೊಸ ಮೂಗು ಕಟ್ಟುತ್ತಾರೆ. ಚರಿತ್ರೆಯ ವಿದ್ಯಾರ್ಥಿಯಾದ ನನಗೆ ಇಲ್ಲಿ ಒಂದು ಸ್ವಾರಸ್ಯ ಕಂಡಿತು. ೧೭೯೨ರಲ್ಲಿ, ನಮ್ಮ ಮೈಸೂರು ಯುದ್ಧದ ಕಾಲದಲ್ಲಿ, ಇಂಗ್ಲಿಷರ ದಂಡಿನಲ್ಲಿ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಆಮೇಲೆ ಪುಣೆಯ ಕಡೆಯ ದೇಶೀಯನೊಬ್ಬ ಹಣೆಯ ಚರ್ಮದಿಂದ ಅವನಿಗೆ ಮೂಗು ಮಾಡಿಕೊಟ್ಟ. ಈ ಸಮಾಚಾರ ೧೭೯೪ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಗಿ, ಐರೋಪ್ಯ ಶಸ್ತ್ರವೈದ್ಯರು ಅದನ್ನು ಕಲಿತರು. ಇಂದು ಮೂಗಿನ ಕ್ಯಾನ್ಸರನ್ನು ತೆಗೆದ ಮೇಲೆ ಮಾಡುವ ಶಸ್ತ್ರಕ್ರಿಯೆಗಳಲ್ಲಿ ಅದೂ ಒಂದು.

ನಮ್ಮ ಅಜ್ಜಿಯ ಶಸ್ತ್ರಕ್ರಿಯೆ ಬೆಂಗಳೂರಿನಲ್ಲಾಯಿತು. ತೊಡೆಸಂದಿನಲ್ಲಿ ಒಂದು ಗಂಟು ಸಿಕ್ಕಿದ್ದರಿಂದ ಅಲ್ಲಿಗೂ ಹರಡಿದೆಯೇನೋ ಎಂಬ ಶಂಕೆಯಿತ್ತು. ಸೂಜಿಯಿಂದ ಪರೀಕ್ಷಿಸಿದರು, ಕೀವಿನಿಂದಾದ ಊತವಷ್ಟೇ. ಆ ಫಲಿತಾಂಶಕ್ಕೆ ಕಾದ ನಾಲ್ಕು ದಿನಗಳನ್ನು ನಾನು ಮರೆಯಲಾರೆ. ಹುಣ್ಣು ಮೂಳೆಯನ್ನು ಮುಟ್ಟಿರಲಿಲ್ಲವಾಗಿ ಕಾಲು ಉಳಿಯಿತು. ಮೀನಖಂಡದ ಸ್ನಾಯುವಿನ ಒಂದು ಭಾಗ ಹೋಯಿತು, ಎರಡು ಅಂಗೈಯಗಲ ಕಸಿ ಬಿತ್ತು. “ಇನ್ನು ಆರು ತಿಂಗಳು ತಡವಾಗಿದ್ದರೆ ಮೊಣಕಾಲಿನ ಕೆಳಗೆ ತೆಗೆಯಬೇಕಾಗುತ್ತಿತ್ತು” ಎಂದರು ಶಸ್ತ್ರವೈದ್ಯರು. ನಾನು ಕೇಳಿದೆ: “ಎರಡು ವರ್ಷ ಮೊದಲೇ ತಂದಿದ್ದರೆ?” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದಕ್ಕಿಂತ ಬಹಳ ಚಿಕ್ಕ ಶಸ್ತ್ರಕ್ರಿಯೆ, ಬೇಗ ಮನೆಗೆ ಹೋಗಬಹುದಿತ್ತು” ಎಂದರು. ಆ ಎರಡು ವರ್ಷ ನಾನು ಗ್ರಂಥಾಲಯದಲ್ಲಿ ಕುಳಿತು ರೋಮನ್ ಸಾಮ್ರಾಜ್ಯದ ಅವನತಿಗೆ ಕಾರಣಗಳನ್ನು ಬಾಯಿಪಾಠ ಮಾಡುತ್ತಿದ್ದೆ.

ಅಜ್ಜಿ ಈಗ ಕೋಲೂರಿ ಹಿತ್ತಿಲಿಗೆ, ಕಟ್ಟೆಗೆ ಹೋಗಿಬರುತ್ತಾಳೆ. ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಕರೆದೊಯ್ಯುವುದು ನನ್ನ ಕೆಲಸ. ರೋಗ ಮರುಕಳಿಸುವ ಭಯ ಪೂರ್ತಿ ಹೋಗಿಲ್ಲ. ಕಲೆಯ ಮೇಲಿನ ಕ್ಯಾನ್ಸರ್ ಬಿಸಿಲಿನಿಂದಾದುದಕ್ಕಿಂತ ಹಟಮಾರಿ.

ಹಣದ ಚಿಂತೆ ನಮ್ಮಂಥವರನ್ನು ಆಸ್ಪತ್ರೆಯಿಂದ ದೂರವಿಡುವ ಇನ್ನೊಂದು ಕಾರಣ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ ೧೯೭೩ರಲ್ಲಿ ಸ್ಥಾಪಿತವಾಗಿ, ೧೯೮೦ರಿಂದ ರಾಜ್ಯ ಸರ್ಕಾರದ ಸ್ವಾಯತ್ತ ಸಂಸ್ಥೆಯಾಗಿದೆ. ತುಮಕೂರಿನಿಂದ ಬೆಂಗಳೂರು ಸುಮಾರು ಎಪ್ಪತ್ತು ಕಿಲೋಮೀಟರ್. ಬಿ.ಪಿ.ಎಲ್. ಪಡಿತರ ಚೀಟಿಯುಳ್ಳ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ ೫ ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ನೆರವುಂಟು. ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿಂದ ಚೀಟಿ ಪಡೆದು ಮುಂದೆ ಹೋಗುವುದು ಉತ್ತಮ ಕ್ರಮ. ಈ ಕಾಗದಪತ್ರಗಳನ್ನು ಓದಿ ತುಂಬಬಲ್ಲವರು ಮನೆಯಲ್ಲಿ ಒಬ್ಬರಿರಬೇಕು. ನಮ್ಮ ಬಿ.ಎ. ಪದವಿಗೆ ಅಷ್ಟಾದರೂ ಉಪಯೋಗ ಬೇಡವೇ?

ಕಳೆದ ಸಂಕ್ರಾಂತಿಗೆ ಊರಿಗೆ ಹೋದಾಗ, ರಾತ್ರಿ ಊಟವಾದ ಮೇಲೆ ಟಾರ್ಚು ಹಿಡಿದು ಅಪ್ಪನ ಪಾದದ ಬಳಿ ಕುಳಿತೆ. ಅವರ ಎಡ ಅಂಗಾಲಿನಲ್ಲಿ ಒಂದು ಕಪ್ಪು ಚುಕ್ಕೆಯಿದೆಯೆಂದು ಅಮ್ಮ ಹೇಳಿದ್ದರು. “ಏನ್ಲಾ ಇದು, ಓದ್ದೋನು ಕಾಲ್ ಹಿಡ್ಕೊಂಡ್ ಕೂತ್ಕಂಡೆ” ಎಂದು ಅಪ್ಪ ಸಂಕೋಚದಿಂದ ಕಾಲೆಳೆದುಕೊಂಡರು. ಬಿಡಲಿಲ್ಲ. ಮರುದಿನ ಗುಬ್ಬಿಯ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದೆ. ವೈದ್ಯರು ಸಣ್ಣ ಚಿಮುಟದಿಂದ ಕೆದಕಿ ಮುರಿದ ಜಾಲಿ ಮುಳ್ಳೊಂದನ್ನು ಹೊರತೆಗೆದು ನನ್ನ ಅಂಗೈಯಲ್ಲಿಟ್ಟರು. ಅಪ್ಪ ದಾರಿಯುದ್ದಕ್ಕೂ ನಗುತ್ತ ಬಂದರು. ಅವರು ನಕ್ಕದ್ದೇ ನನಗೆ ಸಂತೋಷ.

ಸಹಪಾಠಿಗಳೇ, ಒಳಗಿನ ಅಂಗಗಳ ಕ್ಯಾನ್ಸರನ್ನು ಕಾಣಲು ಯಂತ್ರಗಳು ಬೇಕು. ಚರ್ಮದ ಕ್ಯಾನ್ಸರ್ ಬರಿಗಣ್ಣಿಗೆ ಕಾಣುವಂಥದು. ಬೇಗ ಕಂಡು ತೆಗೆಸಿದರೆ ಬಹುಮಟ್ಟಿಗೆ ಪೂರ್ತಿ ಗುಣವಾಗುವಂಥದು. ನಮ್ಮಲ್ಲಿ ಅನೇಕರು ನನ್ನ ಹಾಗೆ ಹಳ್ಳಿಯ ಮನೆಗಳಿಂದ ಮೊದಲು ಹೊರಟು ಬಂದವರು. ಈ ಬೇಸಗೆ ರಜಕ್ಕೆ ಊರಿಗೆ ಹೋದಾಗ, ಹಿರಿಯರ ಕಾಲಿಗೆ ನಮಸ್ಕರಿಸುವಾಗ, ಆ ಪಾದಗಳನ್ನು ಒಮ್ಮೆ ತಿರುಗಿಸಿಯೂ ನೋಡಿ. ಹಳೆಯ ಕಲೆಗಳನ್ನು ಕೇಳಿ ನೋಡಿ. “ನೋವಿಲ್ಲ” ಎಂದರೆ ಸುಮ್ಮನಾಗಬೇಡಿ. ನಾನು ಸುಮ್ಮನಾಗಿದ್ದೆ.